ಕಾಲಿಗೊಂದು ಬೆಟ್ಟ, ಚಕ್ರಕ್ಕೊಂದು ಘಾಟಿ: ಕೊಡಗಿನಲ್ಲಿ ಯಾವುದು ಯಾರಿಗೆ

ಕೊಡಗಿನಲ್ಲಿ ಬ್ರಹ್ಮಗಿರಿ ಎಲ್ಲಿದೆ ಎಂದು ಇಬ್ಬರನ್ನು ಕೇಳಿದರೆ ಎರಡು ದಿಕ್ಕಿಗೆ ಕೈ ತೋರಿಸುತ್ತಾರೆ. ಇಬ್ಬರೂ ಸರಿಯೇ. ಒಂದು ತಲಕಾವೇರಿಯ ನೆತ್ತಿಯ ಮೇಲಿರುವ ಬೆಟ್ಟ. ಇನ್ನೊಂದು ದಕ್ಷಿಣ ಕೊಡಗಿನಲ್ಲಿ, ಇರ್ಪು ಜಲಪಾತದ ಮೇಲುಗಡೆ, ವಯನಾಡಿನ ಗಡಿಯಲ್ಲಿ ನಿಂತಿರುವ 1608 ಮೀಟರಿನ ಶಿಖರ. ಎರಡರ ನಡುವೆ ರಸ್ತೆಯಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಮೈಸೂರಿನಲ್ಲಿರುವ ನನ್ನ ಭಾವನ ಗೆಳೆಯರು ನಾಲ್ಕು ಮಂದಿ ಒಮ್ಮೆ ಇರ್ಪಿನ ಕಡೆಯ ಚಾರಣಕ್ಕೆ ಎಲ್ಲ ಏರ್ಪಾಡು ಮಾಡಿಕೊಂಡು, ಮೊಬೈಲಿನ ನಕ್ಷೆಯಲ್ಲಿ ಬ್ರಹ್ಮಗಿರಿ ಎಂದು ಒತ್ತಿ, ರಾತ್ರಿಯಿಡೀ ಕಾರು ಓಡಿಸಿ ಬೆಳಗಿನ ಏಳಕ್ಕೆ ತಲಕಾವೇರಿಯಲ್ಲಿ ಇಳಿದರು. ನನಗೆ ಫೋನ್ ಬಂತು. “ಅಣ್ಣ, ದೇವಸ್ಥಾನ ಇದೆ, ಕೊಳ ಇದೆ, ಜಲಪಾತ ಮಾತ್ರ ಕಾಣ್ತಿಲ್ಲ.” ತೀರ್ಥ ತಗೊಂಡು ಬನ್ನಿ, ತಿಂಡಿಗೆ ಮನೆಯಲ್ಲಿ ಅಕ್ಕಿರೊಟ್ಟಿ ಇದೆ ಎಂದೆ. ಬೇರೆ ಏನು ಹೇಳಲಿ.

ಅವರ ತಪ್ಪು ಹೆಸರಿನದು. ಹೆಚ್ಚಿನವರ ತಪ್ಪು ಎತ್ತರದ್ದು. “ಕೊಡಗಿನಲ್ಲಿ ಅತಿ ಎತ್ತರದ ಬೆಟ್ಟ ಯಾವುದು, ಅದಕ್ಕೇ ಹೋಗೋಣ” ಎಂದು ಹೊರಡುತ್ತಾರೆ. ತಡಿಯಂಡಮೋಳ್ 1748 ಮೀಟರ್, ಪುಷ್ಪಗಿರಿ 1712, ಕೋಟೆಬೆಟ್ಟ ಸುಮಾರು 1620, ಇರ್ಪಿನ ಬ್ರಹ್ಮಗಿರಿ 1608. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ 140 ಮೀಟರ್. ಅಷ್ಟಕ್ಕಾಗಿ ಬೆಟ್ಟ ಆರಿಸುವುದರಲ್ಲಿ ಅರ್ಥವಿಲ್ಲ. ನಿಮ್ಮ ಮೊಣಕಾಲಿಗೆ ಲೆಕ್ಕ ಬರುವುದು ತುದಿಯ ಎತ್ತರವಲ್ಲ, ನಡಿಗೆ ಶುರುವಾಗುವ ಜಾಗ. ಅದರ ಜೊತೆಗೆ ಯಾವ ತಿಂಗಳು, ಯಾರ ಜೊತೆ, ಕಾಲಿನಲ್ಲೋ ಚಕ್ರದಲ್ಲೋ.

ಇಪ್ಪತ್ತು ವರ್ಷದಿಂದ ಈ ಬೆಟ್ಟಗಳನ್ನು ನಡೆದು, ಹತ್ತು ವರ್ಷದಿಂದ ಘಾಟಿಗಳಲ್ಲಿ ಸೈಕಲ್ ತುಳಿದು ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದು: ಶಿಖರಕ್ಕೆ ನಡೆದು ಹೋಗಿ, ಸೈಕಲನ್ನೂ ಬೈಕನ್ನೂ ಘಾಟಿಗೆ ಇಟ್ಟುಕೊಳ್ಳಿ. ಇದಕ್ಕೆ ಒಂದೇ ಒಂದು ವಿನಾಯಿತಿ ಕೋಟೆಬೆಟ್ಟ. ಮುಂದೆ ಹೇಳುತ್ತೇನೆ.

ಮೊದಲ ಬೆಟ್ಟವೆಂದರೆ ತಡಿಯಂಡಮೋಳ್

ಅತಿ ಎತ್ತರದ್ದೇ ಎಲ್ಲಕ್ಕಿಂತ ಹಗುರ ಎಂದರೆ ನಂಬುವುದಿಲ್ಲ. ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯಿಂದ ದಾರಿ ಶುರು. ಅರಮನೆಯೇ ಸಾಕಷ್ಟು ಎತ್ತರದಲ್ಲಿದೆ. ಅಲ್ಲಿಂದ ತುದಿಗೆ ಆರೇಳು ಕಿಲೋಮೀಟರ್. ಮೊದಲ ಭಾಗ ಕಾಫಿ ತೋಟದ ನಡುವಿನ ರಸ್ತೆ, ಆಮೇಲೆ ಜೀಪು ಓಡಿದ ಮಣ್ಣಿನ ದಾರಿ, ಹುಲ್ಲುಗಾವಲು. ದಾರಿಯಲ್ಲಿ ಒಂದು ದೊಡ್ಡ ಬಂಡೆ ಸಿಗುತ್ತದೆ, ಎಲ್ಲರೂ ಅಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಮನೆಯವರೆಲ್ಲ ಬಂದಿದ್ದರೆ ಅಜ್ಜಿಯನ್ನೂ ಅಲ್ಲಿಯವರೆಗೆ ಕರೆದೊಯ್ಯಬಹುದು. ಅಲ್ಲಿಂದ ಮೇಲೆ ಬೆಟ್ಟ ತನ್ನ ಬುದ್ಧಿ ತೋರಿಸುತ್ತದೆ.

ಬಿಸಿಲು ಹೊಳೆಯುವ ಹುಲ್ಲಿನಿಂದ ಒಮ್ಮೆಲೇ ಶೋಲಾ, ಅಂದರೆ ಹುಲ್ಲುಗಾವಲ ನಡುವಿನ ದಟ್ಟ ಕಾಡಿನೊಳಗೆ ಕಾಲಿಟ್ಟರೆ ಕಣ್ಣು ಕತ್ತಲೆ ಕಟ್ಟುತ್ತದೆ. ಮೈಮೇಲಿನ ಬೆವರು ತಣ್ಣಗಾಗುತ್ತದೆ. ಹೆಜ್ಜೆ ಇಡುವ ಜಾಗದಲ್ಲೆಲ್ಲ ಬೇರು. ಸಾವಿರಾರು ಕೈ ಹಿಡಿದು ಹಿಡಿದು ಆ ಬೇರುಗಳು ಮನೆಯ ಹಳೇ ಏಣಿಯ ಕಂಬದಂತೆ ನುಣ್ಣಗಾಗಿವೆ. ನಾನು ಒಮ್ಮೆ ಇಲ್ಲಿಯೇ ಬಲಗಾಲಿನ ಶೂ ಕಳಕೊಂಡೆ. ಕಳಕೊಂಡೆ ಎಂದರೆ ಸೋಲ್ ಬಾಯಿ ತೆರೆದು ನಿಂತಿತು. ಎರಡು ಮಳೆಗಾಲ ಅಟ್ಟದ ಮೇಲೆ ಇದ್ದ ಶೂ, ನೋಡಲು ಹೊಸದರಂತೆಯೇ ಇತ್ತು. ನಮ್ಮೂರಿನ ಥಂಡಿಗೆ ಒಳಗಿನ ಅಂಟು ಪುಡಿಯಾಗಿದ್ದು ಹೊರಗೆ ಗೊತ್ತಾಗಲಿಲ್ಲ. ಬುತ್ತಿಯ ಬಾಳೆಎಲೆಗೆ ಸುತ್ತಿದ್ದ ದಾರವನ್ನೇ ಬಿಚ್ಚಿ ಸೋಲಿಗೆ ಕಟ್ಟಿಕೊಂಡು ಹತ್ತಿ ಇಳಿದೆ. ಆವತ್ತಿನಿಂದ ಹೊರಡುವ ಹಿಂದಿನ ವಾರ ಶೂ ಹಾಕಿ ತೋಟದಲ್ಲಿ ಒಂದು ಸುತ್ತು ಬರುತ್ತೇನೆ, ಸೋಲನ್ನು ಹೆಬ್ಬೆರಳಿನಿಂದ ಬಗ್ಗಿಸಿ ನೋಡುತ್ತೇನೆ.

ಕೊನೆಯ ಏರು ಕಡಿದು, ಆದರೆ ಉದ್ದವಿಲ್ಲ. ಮೇಲೆ ನಿಂತಾಗ ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಬೆಳ್ಳಿಗೆರೆ ಕಾಣುತ್ತದೆ. ನನಗೆ ಎಂಟು ಸಲದಲ್ಲಿ ಎರಡು ಸಲ ಕಂಡಿದೆ. ಉಳಿದ ಆರು ಸಲ ಮಂಜು. ಆ ಲೆಕ್ಕ ಇಟ್ಟುಕೊಂಡೇ ಹೋಗಿ.

ಇಳಿದು ಬಂದವರು ಅರಮನೆ ನೋಡದೆ ಹೋಗುವುದು ನನಗೆ ಅರ್ಥವಾಗದ ವಿಷಯ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರುವ ಹೊತ್ತಿಗೆ ಕೊನೆಯ ಅರಸ ಚಿಕ್ಕವೀರರಾಜ ಆಶ್ರಯ ಪಡೆದದ್ದೂ ಇಲ್ಲೇ. ಗೋಡೆಯ ಚಿತ್ರ, ಮರದ ಕೆತ್ತನೆ ನೋಡಲು ಅರ್ಧ ಗಂಟೆ ಸಾಕು. ಅರಸನೊಬ್ಬ ಅಡಗಿಕೊಳ್ಳಲು ಈ ಜಾಗವನ್ನೇ ಏಕೆ ಆರಿಸಿದ ಎಂಬುದು ಬೆಟ್ಟ ಹತ್ತಿಳಿದ ಕಾಲಿಗೆ ತಾನಾಗಿಯೇ ಹೊಳೆಯುತ್ತದೆ.

ಬಸ್ಸಿನಲ್ಲಿ ಬರುವವರಿಗೂ ನಾಲ್ಕರಲ್ಲಿ ಇದೇ ಅನುಕೂಲ. ಮಡಿಕೇರಿಯಿಂದ ನಾಪೋಕ್ಲು ದಾರಿಯಾಗಿ, ಇಲ್ಲವೇ ವಿರಾಜಪೇಟೆಯಿಂದ ಕಕ್ಕಬ್ಬೆಗೆ ಬಸ್ಸಿದೆ. ಮುಖ್ಯರಸ್ತೆಯಲ್ಲಿ ಇಳಿದು ಅರಮನೆಗೆ ನಡೆಯುವುದು ಹೆಚ್ಚುವರಿ.

ಪುಷ್ಪಗಿರಿ: ಬೆಟ್ಟ ಒಂದು, ಬಾಗಿಲು ಎರಡು

ಕುಮಾರ ಪರ್ವತ ಎಂದು ಎಲ್ಲರೂ ಕರೆಯುವ ಬೆಟ್ಟವೇ ನಮ್ಮ ಪುಷ್ಪಗಿರಿ. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದವರು “ಸತ್ತೇ ಹೋದೆವು” ಎನ್ನುತ್ತಾರೆ. ಸೋಮವಾರಪೇಟೆ ಕಡೆಯಿಂದ ಹತ್ತಿದವರು “ಪರವಾಗಿಲ್ಲ, ಸುಸ್ತಾಯಿತು” ಎನ್ನುತ್ತಾರೆ. ಒಂದೇ ತುದಿ!

ಕಾರಣ ಸರಳ. ಕುಕ್ಕೆ ಇರುವುದು ಘಟ್ಟದ ಕೆಳಗೆ, ಕರಾವಳಿಯ ಮಟ್ಟಕ್ಕೆ ಹತ್ತಿರ. ಅಲ್ಲಿಂದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು, ಒಂದು ದಿಕ್ಕಿಗೆ ಹದಿಮೂರು ಕಿಲೋಮೀಟರಿನಷ್ಟು ದಾರಿ. ಸೋಮವಾರಪೇಟೆ ಕಡೆಯ ಬೀದಹಳ್ಳಿ ಇರುವುದು ಘಟ್ಟದ ಮೇಲೆ. ಅಲ್ಲಿನ ಹೆಗ್ಗಡೆಮನೆಯ ಅರಣ್ಯ ತಪಾಸಣಾ ಕೇಂದ್ರದಿಂದ ತುದಿಗೆ ಏಳು ಕಿಲೋಮೀಟರಿನ ಆಸುಪಾಸು. ಅರ್ಧ ಬೆಟ್ಟವನ್ನು ನಿಮ್ಮ ಪರವಾಗಿ ಬಸ್ಸೇ ಹತ್ತಿರುತ್ತದೆ.

ದಾರಿಯ ಸ್ವಭಾವವೂ ಬೇರೆ. ಕುಕ್ಕೆ ಕಡೆ ಕಾಡು ದಾಟಿದ ಮೇಲೆ ಭಟ್ಟರ ಮನೆ, ಕಲ್ಲುಮಂಟಪ, ಶೇಷ ಪರ್ವತ ಎಂದು ಬಯಲು ಹುಲ್ಲಿನ ಏರು. ಹತ್ತು ಗಂಟೆಯ ಮೇಲೆ ತಲೆಯ ಮೇಲೆ ನೆರಳಿಲ್ಲ. ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆ ಉಂಡವರು ಇಪ್ಪತ್ತು ವರ್ಷ ಕಳೆದರೂ ಅದನ್ನೇ ಹೇಳುತ್ತಾರೆ. ಬೀದಹಳ್ಳಿ ಕಡೆ ಊಟವಿಲ್ಲ, ಆದರೆ ನೆರಳಿದೆ. ತೊರೆ, ದಟ್ಟ ಕಾಡು, ತುದಿಗೆ ಮೊದಲು ಓರೆಯಾಗಿ ಮಲಗಿದ ಕಲ್ಲಿನ ಹಾಸು. ಆ ಕಲ್ಲು ಒಣಗಿದ್ದರೆ ಮಕ್ಕಳೂ ಹತ್ತುತ್ತಾರೆ. ಮೇಲಿನಿಂದ ನೀರು ಜಿನುಗುತ್ತಿದ್ದರೆ ದೊಡ್ಡವರೂ ನಾಲ್ಕು ಕಾಲಾಗುತ್ತಾರೆ. ಅಕ್ಟೋಬರಿನಲ್ಲಿ ಒಮ್ಮೆ ನಾನು ಇಳಿಯುವಾಗ ಪಾಚಿ ಕಟ್ಟಿದ ಕಪ್ಪು ಪಟ್ಟಿಯ ಮೇಲೆ ಹೆಜ್ಜೆ ಇಟ್ಟು ಎರಡಾಳು ಉದ್ದ ಜಾರಿ, ಹುಲ್ಲಿನ ಗಂಟು ಕೈಗೆ ಸಿಕ್ಕಿ ನಿಂತೆ. ಪ್ಯಾಂಟಿನ ಹಿಂಭಾಗ ಅಲ್ಲೇ ಉಳಿಯಿತು. ಬೂದು ಬಣ್ಣದ ಕಲ್ಲು ಹಿಡಿಯುತ್ತದೆ, ಕಪ್ಪು ಬಣ್ಣದ್ದು ಬಿಡುತ್ತದೆ. ಹತ್ತುವಾಗ ಗಮನ ಇರುತ್ತದೆ, ಇಳಿಯುವಾಗಲೇ ಎಲ್ಲರೂ ಮರೆಯುವುದು.

ನನ್ನ ಆಯ್ಕೆ: ಮೊದಲ ಸಲಕ್ಕೆ ಬೀದಹಳ್ಳಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ನಿದ್ದೆಗೆಟ್ಟು, ಕುಕ್ಕೆಯಿಂದ ಹತ್ತಿ ಅದೇ ದಿನ ಇಳಿಯುವ ಯೋಜನೆ ಕಾಗದದ ಮೇಲೆ ಮಾತ್ರ ಚೆಂದ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಆಸೆ ಇದ್ದರೆ ಅನುಮತಿ ಎರಡೂ ಕಡೆಗೆ ಸಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೀದಹಳ್ಳಿಗೆ ಬಂದವರು ಹತ್ತಿರದ ಮಲ್ಲಳ್ಳಿ ಜಲಪಾತವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಬೆಟ್ಟ ಇಳಿದ ಸಂಜೆ ಅಲ್ಲಿನ ಮೆಟ್ಟಿಲು ಕಂಡರೆ ಕಣ್ಣೀರು ಬರುತ್ತದೆ.

ಬ್ರಹ್ಮಗಿರಿಗೆ ಯಾರು ಹೋಗಬೇಕು

ಮಾತಾಡದೆ ನಡೆಯಬಲ್ಲವರು. ಇದು 1974ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮದ ಒಳಗಿನ ದಾರಿ. ಆನೆ, ಕಾಟಿಗಳ ಮನೆ. ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ಇಲಾಖೆಯ ಗೈಡ್ ಇಲ್ಲದೆ ಹೋಗುವಂತಿಲ್ಲ, ಹೋಗಲೂ ಬಾರದು. ಇರ್ಪಿನಿಂದ ಕಾಡೊಳಗೆ ಹತ್ತಿ, ನರಿಮಲೆಯ ಅರಣ್ಯ ವಸತಿಯ ಬಳಿ ಹುಲ್ಲುಗಾವಲಿಗೆ ಬಂದು, ಅಲ್ಲಿಂದ ದಿಣ್ಣೆಯ ಮೇಲೆ ದಿಣ್ಣೆ. ಒಂದು ದಿಕ್ಕಿಗೆ ಒಂಬತ್ತು ಕಿಲೋಮೀಟರಿನಷ್ಟು. ತುದಿಯಲ್ಲಿ ಆ ಕಡೆ ಕಾಲಿಟ್ಟರೆ ಕೇರಳ.

ತಡಿಯಂಡಮೋಳಿನಲ್ಲಿ ಜನ ಸಿಗುತ್ತಾರೆ, ಪುಷ್ಪಗಿರಿಯಲ್ಲಿ ಸರತಿಯೇ ಸಿಗುತ್ತದೆ, ಬ್ರಹ್ಮಗಿರಿಯಲ್ಲಿ ಲದ್ದಿ ಸಿಗುತ್ತದೆ. ಗೈಡ್ ಬಗ್ಗಿ ಕೈಯ ಹಿಂಭಾಗವನ್ನು ಲದ್ದಿಯ ಹತ್ತಿರ ಹಿಡಿದು ಬಿಸಿ ನೋಡಿದ ಗಳಿಗೆಯಲ್ಲಿ ನಮ್ಮ ಗುಂಪಿನ ಅತಿ ಮಾತುಗಾರನೂ ಸುಮ್ಮನಾದದ್ದು ನೆನಪಿದೆ. “ಬೆಳಗ್ಗಿಂದು, ಹೋಗಿ ಆಯ್ತು” ಎಂದ ಆತ. ಆದರೂ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಸಣ್ಣ ಮಕ್ಕಳಿದ್ದರೆ, ಗುಂಪಿನಲ್ಲಿ ಸ್ಪೀಕರ್ ತರುವವನಿದ್ದರೆ ಇದು ಬೇಡ. ಇರ್ಪು ನೋಡಿ, ಲಕ್ಷ್ಮಣತೀರ್ಥದಲ್ಲಿ ಕಾಲು ತೊಳೆದು ಬನ್ನಿ. ತಲಕಾವೇರಿಯ ಬ್ರಹ್ಮಗಿರಿಯ ಮಾತೇ ಬೇರೆ: ಅದು ಚಾರಣದ ಬೆಟ್ಟವಲ್ಲ, ದೇವಸ್ಥಾನದ ಬೆಟ್ಟ. 2020ರ ಆಗಸ್ಟಿನಲ್ಲಿ ಅದರ ಮಗ್ಗುಲು ಕುಸಿದು ಅರ್ಚಕರ ಕುಟುಂಬವನ್ನೇ ಎಳೆದುಕೊಂಡು ಹೋಯಿತು. ಅಲ್ಲಿ ಮೇಲೆ ಬಿಡಲಿಲ್ಲ ಎಂದು ಕಾವಲುಗಾರರ ಜೊತೆ ಜಗಳಕ್ಕೆ ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮಾಂದಲ್‌ಪಟ್ಟಿಯೋ ಕೋಟೆಬೆಟ್ಟವೋ

ಮಡಿಕೇರಿಯ ಹೋಂಸ್ಟೇಗಳಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಅರ್ಧ ದಿನವಷ್ಟೇ ಇದೆ, ನಡೆಯಲು ಮನಸ್ಸಿಲ್ಲ, ಬೆಟ್ಟದ ಮೇಲೆ ನಿಂತ ಫೋಟೋ ಬೇಕು ಎನ್ನುವವರಿಗೆ ಮಾಂದಲ್‌ಪಟ್ಟಿ. ಒಂದು ಸಿನಿಮಾದ ದೆಸೆಯಿಂದ ಮುಗಿಲುಪೇಟೆ ಎಂಬ ಹೆಸರೂ ಅಂಟಿದೆ. ಮಡಿಕೇರಿಯಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಕೊನೆಯ ಭಾಗಕ್ಕೆ ಫೋರ್‌ವೀಲ್ ಜೀಪುಗಳಿವೆ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿ, ಜೀಪಿಗೆ ಇಷ್ಟು ಎಂದೋ ತಲೆಗೆ ಇಷ್ಟು ಎಂದೋ, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದೂ. ಜೀಪಿನೊಳಗೆ ಬೆನ್ನು ಕೊಟ್ಟು ಕೂರಬೇಡಿ, ಮುಂದಿನ ಕಂಬಿ ಹಿಡಿದು ಸ್ವಲ್ಪ ಎದ್ದ ಹಾಗೆ ಕೂತರೆ ಸೊಂಟ ಉಳಿಯುತ್ತದೆ.

ಅಲ್ಲಿಗೆ ಬೈಕ್ ತರುವವರು ಒಂದು ವಿಷಯ ತಿಳಿದಿರಲಿ. ಮಳೆ ಬಂದ ಮರುದಿನ ಆ ಮಣ್ಣು ಸೋಪಿನಂತೆ. ಏರುವಾಗ ಚಕ್ರ ಸುತ್ತುತ್ತದೆ, ಇಳಿಯುವಾಗ ಮುಂದಿನ ಬ್ರೇಕ್ ಒತ್ತಿದರೆ ಬೈಕ್ ಮೊದಲು ಹೋಗಿ ನೀವು ಆಮೇಲೆ ಹೋಗುತ್ತೀರಿ. ಜೀಪು ಎದುರಿಗೆ ಬಂದರೆ ಸರಿದು ನಿಲ್ಲಲು ಜಾಗ ಹುಡುಕಬೇಕು. ಸೈಕಲ್ಲಿಗಂತೂ ಜೀಪಿನ ಧೂಳು ಕುಡಿಯುವುದೇ ಕೆಲಸ.

ಕೋಟೆಬೆಟ್ಟವೇ ನನ್ನ ಮನಸ್ಸಿಗೆ ಹತ್ತಿರ. ಮಾದಾಪುರ, ಹಟ್ಟಿಹೊಳೆ ಕಡೆಯಿಂದ ನೋಡಿದರೆ ನಿಜಕ್ಕೂ ಕೋಟೆಯಂತೆ ನಿಂತಿದೆ. ತೋಟ, ಬಾಣೆ (ಗದ್ದೆ ತೋಟಗಳಿಗೆ ಸೇರಿದ ಕಾಡುಭೂಮಿ), ಹುಲ್ಲು ದಾಟಿ ಮೇಲೆ ಹೋದರೆ ಶಿವನ ಗುಡಿ, ಕಲ್ಲಿನ ಹೊಂಡದಲ್ಲಿ ನೀರು, ಮಿಕ್ಕದ್ದೆಲ್ಲ ಗಾಳಿ. ಕಲ್ಲುಮಣ್ಣಿನ ಗಾಡಿದಾರಿ ಬಹುಪಾಲು ಮೇಲಿನವರೆಗೂ ಇರುವುದರಿಂದ ನಡೆದೂ ಹೋಗಬಹುದು, ಗಟ್ಟಿ ಟೈರಿನ ಗೇರ್ ಸೈಕಲ್ಲಿನಲ್ಲೂ ಹೋಗಬಹುದು. ನಾನು ಹೇಳಿದ ವಿನಾಯಿತಿ ಇದೇ. ಆದರೆ “ಸೈಕಲ್ಲಿನಲ್ಲಿ” ಎಂದರೆ ಮೂರರಲ್ಲಿ ಒಂದು ಪಾಲು ತಳ್ಳುವುದು ಎಂದು ಓದಿಕೊಳ್ಳಿ. ಸಣ್ಣ ಉರುಟು ಕಲ್ಲುಗಳ ಮೇಲೆ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ಸೀಟಿನ ತುದಿಗೆ ಸರಿದು, ಮುಂದಕ್ಕೆ ಬಾಗಿ, ಅತಿ ಸಣ್ಣ ಗೇರಿನಲ್ಲಿ ಮೆಲ್ಲ ತುಳಿದರೆ ಒಂದಿಷ್ಟು ದೂರ, ಆಮೇಲೆ ಇಳಿಯಲೇಬೇಕು. ನಾಚಿಕೆ ಏನಿಲ್ಲ. ಸೌದೆ ಹೊತ್ತು ಬರುತ್ತಿದ್ದ ಅಕ್ಕ ಒಬ್ಬರು ನನ್ನನ್ನು ನೋಡಿ, “ತಳ್ಳಿಕೊಂಡು ಹೋಗುವುದಾದರೆ ಅದನ್ನು ತಂದದ್ದು ಯಾಕೆ?” ಎಂದು ಕೇಳಿದ್ದರು. ಇಳಿಯುವಾಗ ಉತ್ತರ ಹೇಳುತ್ತೇನೆ ಎಂದೆ. ಇಳಿಯುವಾಗಲೂ ತಳ್ಳಿಕೊಂಡೇ ಬಂದೆ, ಬ್ರೇಕಿನ ಕೇಬಲ್ ಕಿತ್ತಿತ್ತು.

2021ರ ಆಗಸ್ಟಿನ ಹೊತ್ತಿಗೆ ಈ ಎರಡೂ ಬೆಟ್ಟಗಳ ಮಗ್ಗುಲಲ್ಲಿ ಕುರಿಂಜಿ ಅರಳಿ ನೀಲಿ ಬಳಿದಂತಾಗಿತ್ತು. ನೋಡಲು ಬಂದ ವಾಹನಗಳ ಸಾಲನ್ನೂ ಊರಿನವರು ಮರೆತಿಲ್ಲ.

ಚೇಲಾವರದ ಮೇಲಿನ ಕಬ್ಬೆ ಬೆಟ್ಟದ ಬಗ್ಗೆ ಎರಡು ಮಾತು ಸಾಕು: ಮಕ್ಕಳ ಜೊತೆ ಸಂಜೆ ಹೊತ್ತು ಕಳೆಯಲು ಒಳ್ಳೆಯದು. ಕೆಳಗಿನ ಜಲಪಾತದ ನೀರಿಗೆ ಮಾತ್ರ ಇಳಿಯಬೇಡಿ, ಈಜು ಬರುವವರೂ.

ಇನ್ನು ಘಾಟಿಗಳು

ಕೊಡಗಿನಿಂದ ಪಶ್ಚಿಮಕ್ಕೆ ಇಳಿಯುವ ಮುಖ್ಯ ದಾರಿಗಳು ಮೂರು: ಮಡಿಕೇರಿಯಿಂದ ಸಂಪಾಜೆ, ಭಾಗಮಂಡಲದಿಂದ ಕರಿಕೆ, ವಿರಾಜಪೇಟೆಯಿಂದ ಮಾಕುಟ್ಟ. ಉತ್ತರದ ಅಂಚಿನಲ್ಲಿ ಜಿಲ್ಲೆಯ ಗೆರೆ ದಾಟಿದರೆ ಹಾಸನ ಜಿಲ್ಲೆಯ ಬಿಸಿಲೆ ಘಾಟಿ. ಅಲ್ಲಿನ ವೀಕ್ಷಣಾ ಕಟ್ಟೆಯಿಂದ ಪುಷ್ಪಗಿರಿಯ ಬೆನ್ನು ನೋಡುವುದು ಬೆಟ್ಟ ಹತ್ತಿದಷ್ಟೇ ಸುಖ. ಗಾಳಿಬೀಡಿನಿಂದ ಕಡಮಕಲ್ಲು ಕಾಡಿನ ಮೂಲಕ ಸುಬ್ರಹ್ಮಣ್ಯಕ್ಕೆ ಇಳಿಯುವ ಹಳೆಯ ದಾರಿಯೂ ಒಂದಿದೆ. ಅದನ್ನು ರಸ್ತೆ ಮಾಡಿ ಎಂಬ ಬೇಡಿಕೆ ಬಹಳ ಕಾಲದ್ದು. ಅದು ಅಭಯಾರಣ್ಯದ ಒಳಗೆ, ಹಾಗಾಗಿ ಆಯ್ಕೆಯ ಪಟ್ಟಿಗೆ ಸೇರಿಸುತ್ತಿಲ್ಲ.

ಸಂಪಾಜೆ ಘಾಟಿ ರಾಷ್ಟ್ರೀಯ ಹೆದ್ದಾರಿ. ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಬರುವಷ್ಟರಲ್ಲಿ ಸಾವಿರ ಮೀಟರಿನಷ್ಟು ಇಳಿದಿರುತ್ತೀರಿ. ಮಡಿಕೇರಿಯ ಸ್ವೆಟರ್ ಕೆಳಗೆ ಬಂದಾಗ ಹೊರೆ. ಏರು ಒಂದೇ ಸಮ, ಎಲ್ಲೂ ಉಸಿರು ಕಟ್ಟಿಸುವುದಿಲ್ಲ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಏರು ಜಿಲ್ಲೆಯಲ್ಲಿಲ್ಲ, ಇದಕ್ಕಿಂತ ಕೆಟ್ಟ ಟ್ರಾಫಿಕ್ಕೂ ಇಲ್ಲ. ಮಂಗಳೂರು ಬಸ್ಸು, ಲಾರಿ, ಶನಿವಾರದ ಕಾರುಗಳು. ವಾರದ ನಡುವೆ, ಬೆಳಕು ಹರಿದ ಮೇಲೆ, ಎಂಟು ಗಂಟೆಯೊಳಗೆ ಮುಗಿಸುವ ಹಾಗಿದ್ದರೆ ಮಾತ್ರ ತುಳಿಯಿರಿ. 2018ರ ಆಗಸ್ಟಿನಲ್ಲಿ ಈ ಘಾಟಿ ಹಲವು ಕಡೆ ಜರಿದು ಹೋಗಿತ್ತು. ಹಸಿ ಗಾಯದಂತೆ ಕೆಂಪಾಗಿದ್ದ ಆ ಗುಡ್ಡಗಳ ಮೇಲೆ ಈಗ ಹಸಿರು ಹಬ್ಬಿದೆ, ಆದರೆ ಜೋರು ಮಳೆಯ ದಿನ ಅಲ್ಲಿನವರೇ ಆಕಾಶಕ್ಕಿಂತ ಹೆಚ್ಚು ಗುಡ್ಡವನ್ನು ನೋಡುತ್ತಾರೆ.

ಮಾಕುಟ್ಟ ಬೈಕಿನವರಿಗೆ. ಪೆರುಂಬಾಡಿಯಿಂದ ಕೂಟುಪೊಳೆಯ ಗಡಿಸೇತುವೆಯವರೆಗೆ ರಸ್ತೆಯ ಮೇಲೆ ಕಾಡೇ ಚಪ್ಪರ ಹಾಕಿದೆ. ತಿರುವುಗಳು ಬಿಗಿ, ನೆರಳಿನಲ್ಲಿ ಡಾಂಬರು ಮಧ್ಯಾಹ್ನವೂ ಒದ್ದೆ. ಬಿದ್ದ ಎಲೆಯ ಮೇಲೆ ಬೈಕ್ ಓರೆ ಮಾಡಿದರೆ ಕೆಲಸ ಕೆಟ್ಟಿತು. ಇರಿಟ್ಟಿ, ತಲಶ್ಶೇರಿ ಕಡೆಯ ಬಸ್ಸುಗಳ ವೇಗವನ್ನು ಅಂದಾಜು ಮಾಡುವುದು ನನಗೆ ಇಂದಿಗೂ ಬಂದಿಲ್ಲ, ಹಾರ್ನ್ ಕೇಳಿದ ಕೂಡಲೇ ಎಡಕ್ಕೆ ಸರಿದು ನಿಲ್ಲುತ್ತೇನೆ. ಸೈಕಲ್ಲಿನಲ್ಲಿ ಒಬ್ಬರೇ ಹೋಗಲು ನಾನು ಹೇಳುವುದಿಲ್ಲ, ಕಾರಣ ಆನೆ. ಬೈಕಾದರೆ ತಿರುಗಿಸಿ ಓಡಬಹುದು, ಏರಿನಲ್ಲಿ ಸೈಕಲ್ ತಿರುಗಿಸುವ ಹೊತ್ತಿಗೆ ಆನೆ ನಿಮ್ಮ ಊರು ಯಾವುದು ಎಂದು ಕೇಳುವಷ್ಟು ಹತ್ತಿರ ಬಂದಿರುತ್ತದೆ. ಹಾಗೆ ನೋಡಿದರೆ ಈ ದಿಕ್ಕಿನ ಘಟ್ಟ ಹತ್ತುವುದು ಹಳೆಯ ಕಥೆ: 1791ರಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ ಬ್ರಿಟಿಷ್ ಸೇನಾಧಿಪತಿ ಅಬರ್‌ಕ್ರಾಂಬಿಯ ಸೈನ್ಯ ಮಲಬಾರಿನಿಂದ ಕೊಡಗಿನ ಘಟ್ಟ ಹತ್ತಿಯೇ ಬಂದದ್ದು. ದೊಡ್ಡ ವೀರರಾಜೇಂದ್ರ ಆತನನ್ನು ಭೇಟಿಯಾದ ನೆನಪಿಗೆ ಕಟ್ಟಿಸಿದ ಊರೇ ವಿರಾಜಪೇಟೆ. ಫಿರಂಗಿ ಎಳೆದುಕೊಂಡು ಹತ್ತಿದವರ ಮುಂದೆ ನಮ್ಮ ಇಪ್ಪತ್ತೊಂದು ಗೇರಿನ ಗೊಣಗಾಟ ಏನೂ ಅಲ್ಲ.

ಸೈಕಲ್ಲಿಗೆ ನನ್ನ ಮತ ಕರಿಕೆಗೆ. ಭಾಗಮಂಡಲ ಬಿಟ್ಟ ಮೇಲೆ ರಸ್ತೆ ಕಿರಿದು, ವಾಹನ ವಿರಳ. ಕರಿಕೆ ದಾಟಿದರೆ ಕೇರಳದ ಪಾಣತ್ತೂರು. ಕಾಡಿನ ನಡುವೆ ಝರಿ ರಸ್ತೆಯನ್ನೇ ಮುಟ್ಟಿ ಹರಿಯುವ ಜಾಗಗಳಿವೆ. ಸೈಕಲ್ ಒರಗಿಸಿ ಬಾಟಲಿ ಒಡ್ಡಿದರೆ ತುಂಬುತ್ತದೆ. ಕುಡಿಯುವುದು ನಿಮ್ಮ ಹೊಟ್ಟೆಯ ಧೈರ್ಯ, ನಾನು ಕುಡಿಯುತ್ತೇನೆ. ಆದರೆ ಇಲ್ಲಿ ಮೊಬೈಲ್ ಸಿಗ್ನಲ್ಲನ್ನೂ ಸೈಕಲ್ ಅಂಗಡಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಎರಡು ಟ್ಯೂಬು, ಪಂಪು, ಚೈನ್ ಕೊಂಡಿ ಜೊತೆಗಿರಲಿ. ಮತ್ತೊಂದು ಮುಖ್ಯ ವಿಷಯ: ಇಳಿಯುವುದು ಸುಖವಾಗಿರುತ್ತದೆ, ವಾಪಸ್ ಹತ್ತಬೇಕಲ್ಲ. ಬೆಳಗ್ಗೆ ಇಳಿದು ಮಧ್ಯಾಹ್ನದ ಸೆಕೆಯಲ್ಲಿ ಹತ್ತುವ ಬದಲು ಹಿಂದಿನ ಸಂಜೆಯೇ ಕೆಳಗೆ ಉಳಿದು ಬೆಳಗಿನ ತಂಪಿನಲ್ಲಿ ಹತ್ತಿ ಬನ್ನಿ. ಇಲ್ಲವೇ ಹಿಂತಿರುಗಲು ಪಿಕಪ್ಪಿಗೆ ಮೊದಲೇ ಹೇಳಿಡಿ.

ಘಾಟಿಗೆ ಮೈ ಸಜ್ಜಾಗಿದೆಯೇ ಎಂದು ತಿಳಿಯಲು ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ತುಳಿದು ನೋಡಿ. 1276 ಮೀಟರಿನ ತಲಕಾವೇರಿಯನ್ನು ನಿಲ್ಲದೆ ಮುಟ್ಟಿದರೆ ಕರಿಕೆಯೂ ಆಗುತ್ತದೆ. ಇಳಿಯುವಾಗ ಹುಷಾರು. ನನ್ನ ಮೊದಲ ಸೈಕಲ್ಲಿಗೆ ಡಿಸ್ಕ್ ಇರಲಿಲ್ಲ, ರಿಮ್ಮನ್ನು ಒತ್ತುವ ರಬ್ಬರ್ ಬ್ರೇಕು. ತಲಕಾವೇರಿಯಿಂದ ಇಳಿಯುತ್ತ ಪೂರ್ತಿ ಹಿಡಿದುಕೊಂಡೇ ಬಂದೆ. ಒಂದು ತಿರುವಿನಲ್ಲಿ ರಬ್ಬರ್ ಸುಟ್ಟ ವಾಸನೆ ಬಂದು ನಿಲ್ಲಿಸಿ, ರಿಮ್ಮಿಗೆ ಬೆರಳು ತಾಗಿಸಿದೆ. ದೋಸೆಕಲ್ಲು ಮುಟ್ಟಿದ ಹಾಗೆ! ಇನ್ನೆರಡು ತಿರುವು ಹೀಗೇ ಹೋಗಿದ್ದರೆ ಟ್ಯೂಬು ಸಿಡಿಯುತ್ತಿತ್ತು. ಎರಡು ಬ್ರೇಕನ್ನೂ ಬಿಟ್ಟು ಬಿಟ್ಟು ಹಿಡಿಯುವುದು, ತಿರುವಿಗೆ ಮೊದಲೇ ವೇಗ ಇಳಿಸುವುದು, ನಡುವೆ ನಿಂತು ನೀರು ಕುಡಿಯುವ ನೆಪದಲ್ಲಿ ರಿಮ್ ಆರಿಸುವುದು ಆಮೇಲೆ ಅಭ್ಯಾಸವಾಯಿತು. ಬೈಕಿನವರಿಗೂ ಮಾತು ಅದೇ: ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಜಾರುವ ನಮ್ಮ ಹುಡುಗರನ್ನು ನೋಡಿ ಕಲಿಯಬೇಡಿ.

ತಿಂಗಳು

ಕೈಲ್‌ಪೊಳ್ದ್ ಹಬ್ಬ ಮುಗಿದು ಪುತ್ತರಿ ಹಬ್ಬ ಬರುವವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಬೆಟ್ಟ ಹಸಿರು, ಝರಿಯಲ್ಲಿ ನೀರು, ಆಕಾಶ ತೊಳೆದಿಟ್ಟಂತೆ. ಜಿಗಣೆ ಮಾತ್ರ ಅಕ್ಟೋಬರಿನಲ್ಲೂ ಇರುತ್ತದೆ. ಹೊಗೆಸೊಪ್ಪಿನ ಪುಡಿ ಇಲ್ಲವೇ ಬೇವಿನೆಣ್ಣೆಯನ್ನು ಕಾಲುಚೀಲಕ್ಕೆ ಹಚ್ಚಿ, ಕಚ್ಚಿದ್ದನ್ನು ಎಳೆಯದೆ ಉಪ್ಪು ತಾಗಿಸಿ. ಜನವರಿ, ಫೆಬ್ರವರಿ ಸೈಕಲ್ಲಿಗೆ ಒಳ್ಳೆಯದು, ಆದರೆ ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟದ ರಸ್ತೆಗಳಲ್ಲಿ ಬೆಳಗ್ಗೆ ಕೆಲಸದವರ ಜೀಪು, ಸಂಜೆ ಮೂಟೆಯ ಪಿಕಪ್ಪು. ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದ ವಾರದ ಹೊತ್ತಿಗೆ ತೋಟ ಬೆಳ್ಳಗಾಗಿ ದಾರಿಯುದ್ದಕ್ಕೂ ಮಲ್ಲಿಗೆಯಂಥ ಪರಿಮಳ; ಆ ಒಂದು ವಾರಕ್ಕೆ ಸೈಕಲ್ ಎಣ್ಣೆ ಹಾಕಿ ಇಟ್ಟುಕೊಂಡಿರುತ್ತೇನೆ. ಅದೇ ತಿಂಗಳು ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ, ಚಾರಣದ ದಾರಿಗಳನ್ನು ಮುಚ್ಚುವುದೂ ಉಂಟು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಬೆಟ್ಟಕ್ಕೂ ಬೇಡ, ಘಾಟಿಗೂ ಬೇಡ. ಮನೆಯಲ್ಲಿ ಕೂತು ಮದ್ದುಪಾಯಸ ತಿನ್ನಿ.

ಹೊರಡುವ ಮುನ್ನ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿ ಕಾಡಿನ ದಾರಿ ಜಾತ್ರೆಯಾದ ಮೇಲೆ ಸರ್ಕಾರ ಚಾರಣಗಳನ್ನು ಕೆಲವು ತಿಂಗಳು ನಿಲ್ಲಿಸಿ, ಆಮೇಲೆ ದಿನಕ್ಕಿಷ್ಟೇ ಜನ ಎಂದು ಆನ್‌ಲೈನ್ ಬುಕಿಂಗ್ ತಂದಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಮಾಡಿ, ಗುರುತಿನ ಚೀಟಿ ಇಟ್ಟುಕೊಂಡೇ ಬನ್ನಿ. ಗೇಟಿನಲ್ಲಿ ಕೈಮುಗಿದರೆ ಬಿಡುತ್ತಾರೆ ಎಂಬ ಕಾಲ ಹೋಯಿತು. ಬೆಟ್ಟದ ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯುವ ಯೋಚನೆಯನ್ನೂ ಬಿಟ್ಟುಬಿಡಿ.

ಒಬ್ಬರಿಗೆ ಎರಡು ಲೀಟರ್ ನೀರು, ಒಣ ಕಾಲುಚೀಲ ಒಂದು ಜೊತೆ, ಟಾರ್ಚು. ಬುತ್ತಿಗೆ ಚಪಾತಿಗಿಂತ ಕಡುಬು ಮೇಲು, ಗಂಟಲಿಗೆ ಅಂಟುವುದಿಲ್ಲ. ಜೊತೆಗೆ ಉಪ್ಪಿನಕಾಯಿ ಇರಲಿ. ಎಲ್ಲೇ ಇರಿ, ಮಧ್ಯಾಹ್ನ ಎರಡಕ್ಕೆ ಮುಖ ತಿರುಗಿಸಿ. ತುದಿ ಇನ್ನು ಹತ್ತೇ ನಿಮಿಷ ಎಂದು ಕಂಡರೂ ಸರಿ. ಕಕ್ಕಬ್ಬೆಯ ಹಿರಿಯರೊಬ್ಬರು ನಮ್ಮನ್ನು ತಡೆದು, “ಬೆಟ್ಟ ನಾಳೆಯೂ ಇಲ್ಲೇ ಇರ್ತದೆ ಮಗಾ, ಐದು ಗಂಟೆ ಬಸ್ಸು ಇರೋದಿಲ್ಲ” ಎಂದಿದ್ದರು. ಆವತ್ತು ಅವರ ಮಾತು ಕೇಳದೆ ನಾಪೋಕ್ಲುವಿನವರೆಗೆ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕೂತು ಬಂದೆವು.

ಭಾವನ ಗೆಳೆಯರು ಮುಂದಿನ ಡಿಸೆಂಬರಿನಲ್ಲಿ ಮತ್ತೆ ಬಂದರು. ಈ ಸಲ ನಕ್ಷೆಯಲ್ಲಿ ಇರ್ಪು ಎಂದೇ ಹಾಕಿಕೊಂಡಿದ್ದರು. ಸಂಜೆ ಫೋನ್ ಬಂತು: ಜಲಪಾತ ಸಿಕ್ಕಿತಂತೆ, ತುದಿಯೂ ಸಿಕ್ಕಿತಂತೆ, ಆದರೆ ಗೈಡ್ ಮೇಲೆ ಹದಿನೈದು ನಿಮಿಷವೂ ಕೂರಲು ಬಿಡದೆ ಇಳಿಸಿದನಂತೆ. ಯಾಕಂತೆ ಎಂದು ಕೇಳಿದೆ. “ನರಿಮಲೆ ಹತ್ತಿರ ಇನ್ನೊಂದು ಲದ್ದಿ ಇತ್ತು ಅಣ್ಣ. ಅದರಲ್ಲಿ ಹಬೆ ಬರ್ತಿತ್ತು.”